ಕೈಗಿಂತ ಮೊದಲು ಮನಸ್ಸು ಕಲಿಯಬೇಕು

ಆಟ ಕಲಿಯುವುದೆಂದರೆ ಕೈಕಾಲುಗಳನ್ನು ಪಳಗಿಸುವುದು ಎಂದು ನಾವು ಸಾಮಾನ್ಯವಾಗಿ ತಿಳಿದಿರುತ್ತೇವೆ. ಎತ್ತರ, ಬಲ, ಓಟ ಇವಿಷ್ಟಿದ್ದರೆ ಆಟಗಾರನಾದಂತೆಯೇ ಎಂಬುದು ನಮ್ಮ ಎಣಿಕೆ. ಆದರೆ ಇವೆಲ್ಲವೂ ಇದ್ದು, ಒಂದು ಸಣ್ಣ ನಾಚಿಕೆಯನ್ನು ಗೆಲ್ಲಲಾರದೆ ಹೋದ ಮಹಾ ಆಟಗಾರರೊಬ್ಬರ ಸಂಗತಿ ಬ್ಯಾಸ್ಕೆಟ್‌ಬಾಲಿನ ಚರಿತ್ರೆಯಲ್ಲಿದೆ. ಅದನ್ನು ಈ ಸಲ ವಾಚಕರ ಮುಂದಿಡುತ್ತೇವೆ. ಅಂಗಣಕ್ಕೆ ಎಂದೂ ಇಳಿಯದವರಿಗೂ ಅದರಲ್ಲಿ ಪಾಠವುಂಟು.

ಈ ಆಟ ಹುಟ್ಟಿದ್ದು 1891ರ ಡಿಸೆಂಬರಿನಲ್ಲಿ, ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ಎಂಬ ಊರಿನಲ್ಲಿ. ಅಲ್ಲಿಯ ವೈ.ಎಂ.ಸಿ.ಎ. ತರಬೇತಿ ಶಾಲೆಯ ಉಪಾಧ್ಯಾಯರಾದ ಜೇಮ್ಸ್ ನೈಸ್ಮಿತ್‌ರು, ಚಳಿಗಾಲದಲ್ಲಿ ಮಾಡಿನ ಕೆಳಗೆ ಆಡಲು ಒಂದು ಆಟ ಬೇಕೆಂದು, ಪೀಚ್ ಹಣ್ಣಿನ ಬುಟ್ಟಿಗಳನ್ನು 10 ಅಡಿ ಎತ್ತರದಲ್ಲಿ ಹೊಡೆಸಿ, 13 ನಿಯಮಗಳನ್ನು ಬರೆದರು. ಬುಟ್ಟಿ ಹೋಗಿ ಕಬ್ಬಿಣದ ಬಳೆ ಬಂದಿತು; ಎತ್ತರ ಮಾತ್ರ ಇಂದಿಗೂ ಅದೇ 10 ಅಡಿ. ನಮ್ಮ ದೇಶದಲ್ಲಿ ಮುಂಬಯಿಯ ನಾಗಪಾಡಾ ಈ ಆಟಕ್ಕೆ ಹೆಸರಾದ ಬಡಾವಣೆ.

ಎದುರಾಳಿ ನಿಯಮ ಮೀರಿ ತಡೆದಾಗ, ಪೆಟ್ಟು ತಿಂದವನಿಗೆ ‘ಫ್ರೀ ಥ್ರೋ’ ಎಂಬ ಎಸೆತ ಸಿಗುತ್ತದೆ. ಹಲಗೆಯಿಂದ 15 ಅಡಿ ದೂರದ ಗೆರೆಯ ಹಿಂದೆ ನಿಂತು ಚೆಂಡನ್ನು ಬಳೆಯೊಳಗೆ ಹಾಕಬೇಕು. ಬಳೆಯ ಅಗಲ 18 ಅಂಗುಲ. ಚೆಂಡಿನದು ಸುಮಾರು ಒಂಬತ್ತೂವರೆ. ಯಾರೂ ಅಡ್ಡ ಬರುವಂತಿಲ್ಲ. ನೋಡುವವರಿಗೆ ಇದಕ್ಕಿಂತ ಸುಲಭದ ಕೆಲಸವಿಲ್ಲ. ಆದರೂ ಎಷ್ಟೋ ಜನ ಇಲ್ಲಿಯೇ ತಪ್ಪುತ್ತಾರೆ. ಏಕೆಂದರೆ ಆಟ ನಿಂತಿದೆ, ಎಲ್ಲರ ಕಣ್ಣೂ ತನ್ನ ಮೇಲಿದೆ. ಆ ಗಳಿಗೆಯಲ್ಲಿ ಎದುರಾಳಿ ಎಂದರೆ ತನ್ನ ಮನಸ್ಸೊಂದೇ.

ವಿಲ್ಟ್ ಚೇಂಬರ್ಲೇನ್ ಏಳು ಅಡಿ ಒಂದು ಅಂಗುಲ ಎತ್ತರದ ಆಟಗಾರ. ಬಲದಲ್ಲಿ ಅವರಿಗೆ ಸಾಟಿಯಾದವರು ವಿರಳ. ಆದರೆ ಈ ಗೆರೆಯ ಮುಂದೆ ಮಾತ್ರ ಅವರ ಕೈ ಸೋಲುತ್ತಿತ್ತು. 1961-62ರ ಸಾಲಿನಲ್ಲಿ ಅವರು ಬೇರೊಂದು ಕ್ರಮ ಹಿಡಿದರು: ಚೆಂಡನ್ನು ಎರಡು ಕೈಗಳಿಂದ ಹಿಡಿದು, ಮೊಣಕಾಲಿನ ನಡುವಿನಿಂದ ತೂಗಿ ಕೆಳಗಿನಿಂದ ಮೇಲಕ್ಕೆ ಎಸೆಯುವುದು. ಆ ಸಾಲಿನಲ್ಲಿ ನೂರಕ್ಕೆ 61 ಎಸೆತಗಳು ಒಳಗೆ ಬಿದ್ದವು. 1962ರ ಮಾರ್ಚ್ 2ರಂದು ಒಂದೇ ಪಂದ್ಯದಲ್ಲಿ ಅವರು 100 ಅಂಕ ಗಳಿಸಿದರು. ಆ ದಿನ 32 ಫ್ರೀ ಥ್ರೋಗಳಲ್ಲಿ 28 ಸರಿಬಿದ್ದಿದ್ದವು.

ಹೀಗಿರುತ್ತಾ ಅವರು ಆ ಕ್ರಮವನ್ನು ಮುಂದುವರಿಸಬೇಕಾಗಿತ್ತಲ್ಲವೇ? ಬಿಟ್ಟುಬಿಟ್ಟರು. 1967-68ರ ಸಾಲಿನಲ್ಲಿ ಅವರ ಲೆಕ್ಕ ನೂರಕ್ಕೆ 38. ಹಾಗೆ ಎಸೆಯುವಾಗ ತಾನು ಹೆಣ್ಣಿಗನಂತೆ ಕಾಣುತ್ತೇನೆಂದು ನಾಚಿಕೆಯಾಗುತ್ತಿತ್ತು, ಬಿಟ್ಟದ್ದು ತಪ್ಪೆಂದೂ ಗೊತ್ತು ಎಂದು ಅವರೇ ಆತ್ಮಕಥೆಯಲ್ಲಿ ಒಪ್ಪಿಕೊಂಡಿದ್ದಾರೆ. ತಿಳಿವಳಿಕೆ ಇತ್ತು, ಶಕ್ತಿ ಇತ್ತು. ನಗುವವರ ಮುಂದೆ ನಿಲ್ಲುವ ಧೈರ್ಯ ಮಾತ್ರ ಇರಲಿಲ್ಲ.

ರಿಕ್ ಬ್ಯಾರಿ ಎಂಬ ಇನ್ನೊಬ್ಬ ಆಟಗಾರರ ದಾರಿ ಬೇರೆ. ಹುಡುಗನಾಗಿದ್ದಾಗ ತಂದೆ ಇದೇ ಕ್ರಮವನ್ನು ಹೇಳಿಕೊಟ್ಟರು. ಇದು ಹುಡುಗಿಯರ ಎಸೆತವೆಂದು ಬ್ಯಾರಿಯೂ ಮೊದಲು ಹಿಂಜರಿದರು. ಆಮೇಲೆ ಮನಸ್ಸು ಮಾಡಿ ಹಿಡಿದರು, ಮತ್ತೆ ಬಿಡಲಿಲ್ಲ. ಅಮೆರಿಕದ ದೊಡ್ಡ ಪಂದ್ಯಾವಳಿ ಎನ್.ಬಿ.ಎ.ಯಲ್ಲಿ ಅವರ ಒಟ್ಟು ಲೆಕ್ಕ ನೂರಕ್ಕೆ ಸುಮಾರು 90.

ಎಲ್ಲರೂ ಕೆಳಗಿನಿಂದಲೇ ಎಸೆಯಬೇಕೆಂಬುದು ನಮ್ಮ ಮಾತಲ್ಲ. ಮನಸ್ಸನ್ನು ಪಳಗಿಸುವ ಕ್ರಮವನ್ನಷ್ಟೇ ಇಲ್ಲಿ ಗಮನಿಸಬೇಕು.

ಮೊದಲನೆಯದು, ಒಂದೇ ಕಟ್ಟಳೆ. ಗೆರೆಯ ಬಳಿ ನಿಂತಾಗ ಪ್ರತಿ ಸಲವೂ ಚೆಂಡನ್ನು ಅಷ್ಟೇ ಸಲ ಪುಟಿಸುವುದು, ಒಮ್ಮೆ ನಿಧಾನವಾಗಿ ಉಸಿರು ಬಿಡುವುದು, ಬಳೆಯನ್ನು ನೋಡಿ ಎಸೆಯುವುದು. ಕೈಗೆ ಗೊತ್ತಾದ ಕೆಲಸವಿದ್ದರೆ ಮನಸ್ಸು ಗುಂಪಿನ ಕಡೆಗೆ ಓಡುವುದು ಕಡಿಮೆ.

ಎರಡನೆಯದು, ದಣಿದ ಮೇಲೆ ಅಭ್ಯಾಸ. ಪಂದ್ಯದಲ್ಲಿ ಈ ಎಸೆತ ಬರುವುದು ಏದುಸಿರು ಬಿಡುತ್ತಿರುವಾಗ. ಆದುದರಿಂದ ನಾಲ್ಕು ಸುತ್ತು ಓಡಿ ಬಂದು ಎಸೆದು ನೋಡಬೇಕು.

ಮೂರನೆಯದು, ಲೆಕ್ಕ. ಒಂದು ಸಣ್ಣ ಪುಸ್ತಕದಲ್ಲಿ ಎಸೆದದ್ದೆಷ್ಟು, ಬಿದ್ದದ್ದೆಷ್ಟು ಎಂದು ದಿನವೂ ಬರೆಯಬೇಕು. ಹೊಸ ಕ್ರಮ ಹಿಡಿದಾಗ ಮೊದಲು ಲೆಕ್ಕ ಇಳಿಯುವುದುಂಟು. ನಾಲ್ಕು ಜನ ಏನೆಂದಾರು ಎಂಬ ಭಯಕ್ಕೆ ಉತ್ತರ ಕೊಡಬಲ್ಲದ್ದು ಆ ಪುಸ್ತಕವೇ. ತಪ್ಪಿದಾಗ ‘ಅವರೇನೆಂದರು’ ಎಂದು ಕೇಳಿಕೊಳ್ಳದೆ ‘ಕೈ ಏನು ಮಾಡಿತು’ ಎಂದು ಕೇಳಿಕೊಳ್ಳುವುದೇ ಕಲಿಕೆ.

ಹೊಟ್ಟೆಪಾಡಿಗಾಗಿ ಊರು ಬಿಟ್ಟು ಬಂದ ನಮಗೆ ಈ ಗೆರೆ ದಿನವೂ ಎದುರಾಗುತ್ತದೆ. ಮರಾಠಿಯಲ್ಲೋ ಹಿಂದಿಯಲ್ಲೋ ಬಾಯಿ ತೆರೆದರೆ ಲಿಂಗ ತಪ್ಪೀತು, ಜೊತೆಯವರು ನಕ್ಕಾರು ಎಂದು ವರ್ಷಗಟ್ಟಲೆ ತಲೆಯಾಡಿಸಿಕೊಂಡೇ ಕಾಲ ತಳ್ಳುವವರು ನಮ್ಮಲ್ಲಿದ್ದಾರೆ. ಮಕ್ಕಳ ವಯಸ್ಸಿನವರ ಪಕ್ಕದಲ್ಲಿ ಕೂತು ಕಂಪ್ಯೂಟರ್ ಕಲಿಯುವುದು ಹೇಗೆಂದು ಬಡ್ತಿಯ ಪರೀಕ್ಷೆಯನ್ನೇ ಬಿಟ್ಟವರೂ ಇದ್ದಾರೆ. ಆಡುತ್ತಾ ಆಡುತ್ತಾ ಭಾಷೆ, ಹಾಡುತ್ತಾ ಹಾಡುತ್ತಾ ರಾಗ ಎಂದು ನಮ್ಮ ಹಿರಿಯರು ಹೇಳಿದ್ದು ಸುಮ್ಮನೆ ಅಲ್ಲ. ಆಡುವಾಗ ತಪ್ಪುವುದೂ ಅದರಲ್ಲಿ ಸೇರಿದೆ, ನಗಿಸಿಕೊಳ್ಳುವುದೂ ಸೇರಿದೆ.

ನಕ್ಕವರು ಸಂಜೆಗೆ ತಮ್ಮ ಮನೆಗೆ ಹೋಗುತ್ತಾರೆ. ಕಲಿತದ್ದು ನಮ್ಮಲ್ಲಿ ಉಳಿಯುತ್ತದೆ. ಈ ವಾರ ಪ್ರತಿಯೊಬ್ಬರೂ ನಾಚಿಕೆಯಿಂದ ಬಿಟ್ಟ ಒಂದು ಕೆಲಸವನ್ನು ನೆನೆದು ಮತ್ತೆ ಕೈಗೆತ್ತಿಕೊಳ್ಳಬೇಕೆಂದು ನಮ್ಮ ಕೋರಿಕೆ.