ಬಸ್ಸಿಗಾಗಿ ಕಾಯುವವರ ಗಣಿತ

ಮೈಸೂರಿನ ಅರಮನೆಯಿಂದ ಬನ್ನಿಮಂಟಪಕ್ಕೆ ಸುಮಾರು ೫ ಕಿಲೋಮೀಟರು ದೂರ. ವಿಜಯದಶಮಿಯಂದು ಜಂಬೂಸವಾರಿಯು ಸಯ್ಯಾಜಿರಾವ್ ರಸ್ತೆಯ ಮೂಲಕ ಈ ದಾರಿಯನ್ನು ಕ್ರಮಿಸುವುದನ್ನು ವಾಚಕರಲ್ಲಿ ಅನೇಕರು ಕಂಡಿರಬಹುದು. ಆನೆಯ ಹಿಂದೆ ಆನೆ, ತಂಡದ ಹಿಂದೆ ತಂಡ, ನಡುವೆ ತಕ್ಕಷ್ಟು ಅಂತರವಿಟ್ಟುಕೊಂಡು ಮುಂದುವರಿಯುವುವು. ಉಳಿದ ದಿನಗಳಲ್ಲಿ ನಗರದ ಬೀದಿಗಳಲ್ಲಿ ಓಡುವ ಬಸ್ಸುಗಳಿಗೆ ಇಂತಹ ಅಂತರವನ್ನು ಕಾಯ್ದುಕೊಳ್ಳುವುದು ಬಹು ಕಷ್ಟ. ಅದೇಕೆ ಕಷ್ಟ, ಅದರಿಂದ ಆಗುವ ನಷ್ಟವೇನು ಎಂಬುದೇ ಈ ಲೇಖನದ ವಿಷಯ.

ಈ ಪ್ರಶ್ನೆಯನ್ನು ನನಗೆ ಕಲಿಸಿದವಳು ನನ್ನ ವಿದ್ಯಾರ್ಥಿನಿ. ಬೆಳಗಿನ ಪ್ರಯೋಗ ತರಗತಿಗೆ ಆಕೆ ಪದೇ ಪದೇ ತಡವಾಗಿ ಬರುತ್ತಿದ್ದಳು. "ಗಂಟೆಗೆ ಆರು ಬಸ್ಸುಗಳಿರುವಾಗ ತಡವೇಕೆ?" ಎಂದು ಒಂದು ದಿನ ಗದರಿದೆ. "ಆರೂ ಬರುತ್ತವೆ ಸಾರ್. ಆದರೆ ಎರಡೆರಡು ಒಟ್ಟಿಗೆ ಬರುತ್ತವೆ" ಎಂದಳು. ಅಂದು ಅದನ್ನು ನೆಪವೆಂದೇ ಎಣಿಸಿದೆ. ಮನೆಗೆ ಬಂದು ಲೆಕ್ಕ ಹಾಕಿದಾಗ ಆಕೆಯ ಮಾತೇ ಸರಿಯೆಂದು ಕಂಡಿತು.

ಆ ಲೆಕ್ಕವನ್ನು ನೋಡೋಣ. ಗಂಟೆಗೆ ೬ ಬಸ್ಸುಗಳು ಸಮನಾಗಿ ೧೦ ನಿಮಿಷಗಳಿಗೊಮ್ಮೆ ಬರುವುವೆಂದು ಭಾವಿಸಿರಿ. ವೇಳೆಯನ್ನು ನೋಡದೆ ನಿಲ್ದಾಣಕ್ಕೆ ಬಂದವನು ಸರಾಸರಿ ೫ ನಿಮಿಷ ಕಾಯಬೇಕಾಗುವುದು. ಈಗ ಅದೇ ೬ ಬಸ್ಸುಗಳು ಜೋಡಿಜೋಡಿಯಾಗಿ ಬರಲಿ. ಜೋಡಿಯ ನಡುವೆ ೧ ನಿಮಿಷ, ಆಮೇಲೆ ೧೯ ನಿಮಿಷ, ಮತ್ತೆ ೧, ಮತ್ತೆ ೧೯. ಅಂತರಗಳ ಸರಾಸರಿ ಈಗಲೂ ೧೦ ನಿಮಿಷವೇ. ಆದರೆ ಕಾಯುವವನ ಸರಾಸರಿ ೫ ನಿಮಿಷವಾಗಿ ಉಳಿಯುವುದಿಲ್ಲ. ಕಾರಣವೇನು? ೨೦ ನಿಮಿಷಗಳಲ್ಲಿ ೧೯ ನಿಮಿಷಗಳು ದೊಡ್ಡ ಅಂತರಕ್ಕೆ ಸೇರಿವೆ. ಆದುದರಿಂದ ೨೦ ಮಂದಿ ಪ್ರಯಾಣಿಕರಲ್ಲಿ ೧೯ ಮಂದಿ ಅದರೊಳಗೇ ಸಿಲುಕುವರು, ಸರಾಸರಿ ಒಂಬತ್ತೂವರೆ ನಿಮಿಷ ಕಾಯುವರು. ಚಿಕ್ಕ ಅಂತರದಲ್ಲಿ ಬರುವ ಅದೃಷ್ಟಶಾಲಿ ಒಬ್ಬನೇ, ಅವನು ಕಾಯುವುದು ಅರ್ಧ ನಿಮಿಷ. ಎಲ್ಲರ ಸರಾಸರಿಯನ್ನು ತೆಗೆದರೆ ೯.೦೫ ನಿಮಿಷ. ಒಂದು ಬಸ್ಸೂ ಕಡಮೆಯಾಗಿಲ್ಲ, ಕಾಯುವ ಕಾಲ ಮಾತ್ರ ಹೆಚ್ಚುಕಡಮೆ ಇಮ್ಮಡಿಯಾಯಿತು!

ಇದರ ಸೂತ್ರ ಸರಳವಾದುದು. ಎಲ್ಲ ಅಂತರಗಳ ವರ್ಗಗಳನ್ನು ಕೂಡಿಸಿ, ಅಂತರಗಳ ಮೊತ್ತದ ಎರಡರಷ್ಟರಿಂದ ಭಾಗಿಸಿದರೆ ಸರಾಸರಿ ಕಾಯುವ ಕಾಲ ದೊರೆಯುವುದು. ದೊಡ್ಡ ಅಂತರವು ವರ್ಗವಾಗಿ ಲೆಕ್ಕಕ್ಕೆ ಬರುವುದರಿಂದ ಅದರ ಪೆಟ್ಟೂ ದೊಡ್ಡದು.

ಸರಿಯಾದ ವೇಳೆಗೆ ಹೊರಟ ಬಸ್ಸುಗಳು ಜೋಡಿಯಾಗುವುದಾದರೂ ಹೇಗೆ? ಚಾಲಕರ ಸೋಮಾರಿತನವೆಂದು ಬಯ್ಯುವವರುಂಟು. ಆದರೆ ಯಾರ ತಪ್ಪೂ ಇಲ್ಲದೆ ಹೀಗಾಗಬಹುದೆಂಬುದನ್ನು ಜಿ. ಎಫ್. ನ್ಯೂವೆಲ್ ಮತ್ತು ಆರ್. ಬಿ. ಪಾಟ್ಸ್ ಎಂಬ ವಿಜ್ಞಾನಿಗಳು ೧೯೬೪ರಲ್ಲಿ ಗಣಿತದಿಂದ ತೋರಿಸಿದರು. ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ಪ್ರತಿ ನಿಲ್ದಾಣಕ್ಕೂ ನಿಮಿಷಕ್ಕೆ ೨ ಜನ ಬರುವರು. ಒಬ್ಬನು ಹತ್ತಲು ೩ ಸೆಕೆಂಡು ಬೇಕು. ೧೦ ನಿಮಿಷದ ಅಂತರದಲ್ಲಿ ಬಂದ ಬಸ್ಸಿಗೆ ೨೦ ಜನ ಹತ್ತುವರು, ಅದಕ್ಕೆ ೬೦ ಸೆಕೆಂಡು. ಅಡ್ಡರಸ್ತೆಯ ದೀಪದ ಬಳಿ ತಡೆದು ಈ ಬಸ್ಸು ೨ ನಿಮಿಷ ತಡವಾಯಿತೆನ್ನಿ. ಈಗ ಕಾದಿರುವವರು ೨೪ ಜನ, ನಿಲ್ಲಬೇಕಾದ ಕಾಲ ೭೨ ಸೆಕೆಂಡು. ಮುಂದಿನ ನಿಲ್ದಾಣವನ್ನು ತಲಪುವಾಗ ತಡ ಇನ್ನೂ ೧೨ ಸೆಕೆಂಡು ಬೆಳೆದಿರುವುದು. ಇತ್ತ ಹಿಂದಿನ ಬಸ್ಸಿಗೆ ಸಿಕ್ಕುವವರು ೧೬ ಜನ ಮಾತ್ರ, ಅದು ಬೇಗ ಬೇಗನೆ ಮುಂದಿನದನ್ನು ಸಮೀಪಿಸುವುದು. ಹೀಗೆ ಪ್ರತಿ ನಿಲ್ದಾಣದಲ್ಲಿಯೂ ತಡವು ಹತ್ತರಲ್ಲೊಂದು ಪಾಲು ಹೆಚ್ಚುತ್ತ, ಚಕ್ರಬಡ್ಡಿಯಂತೆ ಬೆಳೆದು, ಹತ್ತು ನಿಲ್ದಾಣಗಳಲ್ಲಿ ೨ ನಿಮಿಷವಿದ್ದುದು ೫ ನಿಮಿಷವನ್ನು ಮೀರುವುದು.

ಭೌತವಿಜ್ಞಾನದಲ್ಲಿ ಇದಕ್ಕೆ ಅಸ್ಥಿರ ಸಮತೋಲವೆಂದು ಹೆಸರು. ಬಟ್ಟಲಿನೊಳಗಿನ ಗೋಲಿಯನ್ನು ತುಸು ತಳ್ಳಿದರೆ ಅದು ಮರಳಿ ತಳಕ್ಕೆ ಬರುವುದು. ಬೋರಲು ಹಾಕಿದ ಬಟ್ಟಲಿನ ನೆತ್ತಿಯ ಮೇಲಿನ ಗೋಲಿ ತುಸು ಕದಲಿದರೂ ಮರಳದು. ಬಸ್ಸುಗಳ ಸಮ ಅಂತರವು ಎರಡನೆಯ ಗೋಲಿಯಂತೆ. ಹಿಡಿದು ನಿಲ್ಲಿಸುವವರಿಲ್ಲದಿದ್ದರೆ ಅದು ನಿಲ್ಲದು.

ಇದಕ್ಕಿಂತ ದೊಡ್ಡದಾದ ಇನ್ನೊಂದು ಅಸ್ಥಿರತೆಯೂ ಉಂಟು. ಕಾದು ಬೇಸತ್ತವರು ಸಾಲ ಮಾಡಿಯಾದರೂ ಸ್ಕೂಟರನ್ನೋ ಕಾರನ್ನೋ ಕೊಳ್ಳುವರು. ಪ್ರಯಾಣಿಕರು ಕಡಮೆಯಾದ ದಾರಿಯಲ್ಲಿ ಬಸ್ಸುಗಳೂ ಕಡಮೆಯಾಗುವುವು. ಅಂತರವು ೧೦ರಿಂದ ೨೦ ನಿಮಿಷಕ್ಕೆ ಏರಿದರೆ ಕಾಯುವ ಕಾಲ ೫ರಿಂದ ೧೦ಕ್ಕೆ ಏರುವುದು, ಇನ್ನಷ್ಟು ಜನ ಬಿಟ್ಟುಹೋಗುವರು. ಹೊಸ ವಾಹನಗಳಿಂದ ರಸ್ತೆ ತುಂಬಿ, ಉಳಿದ ಬಸ್ಸುಗಳೂ ಅವುಗಳ ನಡುವೆ ಸಿಲುಕುವುವು. ಇದೇ ಚಕ್ರವನ್ನು ಹಿಂದುಮುಂದಾಗಿಯೂ ತಿರುಗಿಸಬಹುದು. ಪ್ರಯಾಣಿಕರು ಹೆಚ್ಚಿದಂತೆ ಬಸ್ಸುಗಳು ಹೆಚ್ಚಿ, ಮೊದಲಿನಿಂದ ಇದ್ದವರ ಕಾಯುವ ಕಾಲವೂ ಇಳಿಯುವುದೆಂಬುದನ್ನು ಅಮೆರಿಕದ ಅರ್ಥಶಾಸ್ತ್ರಜ್ಞ ಹರ್ಬರ್ಟ್ ಮೋರಿಂಗ್ ೧೯೭೨ರಲ್ಲಿ ವಿವರಿಸಿದನು.

ಸ್ಥಳದ ಲೆಕ್ಕವನ್ನೂ ನೋಡಿರಿ. ೧೨ ಮೀಟರು ಉದ್ದದ ಬಸ್ಸು ಆಕ್ರಮಿಸುವುದು ಸುಮಾರು ೩೦ ಚದರ ಮೀಟರು. ಅದರಲ್ಲಿ ಹೋಗುವ ೫೦ ಜನ ಒಬ್ಬೊಬ್ಬರೇ ಒಂದೊಂದು ಕಾರಿನಲ್ಲಿ ಕುಳಿತರೆ, ಕಾರಿಗೆ ೭ರಂತೆ ೩೫೦ ಚದರ ಮೀಟರು ಬೇಕು, ಅದೂ ನಿಂತಿರುವಾಗ. ಸ್ಕೂಟರು ಸಣ್ಣದು, ಇಂಧನವನ್ನೂ ಕಡಮೆ ಬೇಡುವುದು ನಿಜ. ಆದರೂ ೫೦ ಸ್ಕೂಟರುಗಳಿಗೆ ಸುಮಾರು ೭೫ ಚದರ ಮೀಟರು ಬೇಕಾಗುವುದು. ದೇವರಾಜ ಮಾರುಕಟ್ಟೆಯನ್ನು ಪಕ್ಕದಲ್ಲಿಟ್ಟುಕೊಂಡ ಸಯ್ಯಾಜಿರಾವ್ ರಸ್ತೆಯನ್ನು ಇಷ್ಟಬಂದಂತೆ ಅಗಲಗೊಳಿಸುವುದು ಸಾಧ್ಯವೇ?

ಹಾಗಾದರೆ ಪರಿಹಾರವೇನು? ಮೊದಲನೆಯದು, ಬೇಗ ಬಂದ ಬಸ್ಸನ್ನು ನಡುವಣ ಕೆಲವು ನಿಲ್ದಾಣಗಳಲ್ಲಿ ಸ್ವಲ್ಪ ತಡೆದು ಅಂತರವನ್ನು ಸರಿಪಡಿಸುವುದು. ಇದಕ್ಕೆ ಪ್ರತಿ ಬಸ್ಸೂ ಎಲ್ಲಿದೆಯೆಂದು ತಿಳಿದಿರಬೇಕು. ಮೈಸೂರಿನಲ್ಲಿ ೨೦೧೨ರಲ್ಲಿಯೇ ನಗರದ ಬಸ್ಸುಗಳಿಗೆ ಜಿಪಿಎಸ್ ಉಪಕರಣಗಳನ್ನು ಅಳವಡಿಸಿ, ಬಸ್ಸು ಬರುವ ವೇಳೆಯನ್ನು ನಿಲ್ದಾಣದ ಫಲಕಗಳಲ್ಲಿ ತೋರಿಸುವ ಯೋಜನೆ ಜಾರಿಗೆ ಬಂದಿತು. ಬಸ್ಸು ಯಾವಾಗ ಬರುವುದೆಂದು ತಿಳಿಯುವುದು ಒಳ್ಳೆಯದೇ. ಆದರೆ ಜ್ವರಮಾಪಕವು ಜ್ವರವನ್ನು ಇಳಿಸದು. ಆ ಅರಿವನ್ನು ಅಂತರ ತಿದ್ದುವುದಕ್ಕೆ ಬಳಸಿದಾಗಲೇ ಪೂರ್ಣ ಫಲ. ಎರಡನೆಯದು, ಬಸ್ಸಿಗೆ ಪ್ರತ್ಯೇಕ ದಾರಿ. ಬ್ರೆಜಿಲ್ ದೇಶದ ಕುರಿಟಿಬ ನಗರವು ೧೯೭೪ರಲ್ಲಿ ಇದನ್ನು ಆರಂಭಿಸಿತು. ನಮ್ಮ ಹುಬ್ಬಳ್ಳಿ–ಧಾರವಾಡಗಳ ನಡುವೆ ೨೦೧೮ರಲ್ಲಿ ಇಂತಹ ದಾರಿಯ ಮೇಲೆ 'ಚಿಗರಿ' ಬಸ್ಸುಗಳು ಓಡತೊಡಗಿದವು. ಅಲ್ಲಿ ನಿಲ್ದಾಣದ ಕಟ್ಟೆಯೂ ಬಸ್ಸಿನ ನೆಲವೂ ಒಂದೇ ಮಟ್ಟದಲ್ಲಿರುವಂತೆ ಏರ್ಪಡಿಸಿದರು. ಹತ್ತುವ ಕಾಲ ೩ ಸೆಕೆಂಡಿನಿಂದ ಒಂದೂವರೆಗೆ ಇಳಿದರೆ, ತಡ ಬೆಳೆಯುವ ವೇಗವೂ ಅರ್ಧಕ್ಕೆ ಇಳಿಯುವುದೆಂದು ನಮ್ಮ ಉದಾಹರಣೆಯಿಂದಲೇ ಕಾಣಬಹುದು.

ಇನ್ನು ನಿಮಗೊಂದು ಪ್ರಯೋಗ. ಗಡಿಯಾರ ಮತ್ತು ಟಿಪ್ಪಣಿ ಪುಸ್ತಕದೊಡನೆ ನಿಮ್ಮ ನಿಲ್ದಾಣದಲ್ಲಿ ಬೆಳಗ್ಗೆ ಎರಡು ಗಂಟೆ ಕಾಲ ನಿಲ್ಲಿರಿ. ಒಂದೇ ಮಾರ್ಗದ ಬಸ್ಸುಗಳು ಬಂದ ವೇಳೆಗಳನ್ನು ಬರೆದು, ಅಂತರಗಳನ್ನು ಕಳೆದು ತೆಗೆದು, ಮೇಲ್ಕಂಡ ಸೂತ್ರದಿಂದ ಕಾಯುವ ಕಾಲವನ್ನು ಕಂಡುಹಿಡಿಯಿರಿ. ಬಸ್ಸುಗಳು ಸಮ ಅಂತರದಲ್ಲಿ ಬಂದಿದ್ದರೆ ಎಷ್ಟಾಗುತ್ತಿತ್ತೆಂದು ಹೋಲಿಸಿರಿ. ಎರಡರ ವ್ಯತ್ಯಾಸವನ್ನು ಒಂದು ಹೊಸ ಬಸ್ಸನ್ನೂ ಕೊಳ್ಳದೆ ಉಳಿಸಬಹುದು.

ಈ ಕೆಲವು ನಿಮಿಷಗಳು ಅಲ್ಪವೆಂದು ತೋರಬಹುದು. ಆದರೆ ಪರವಾನಿಗೆಯ ವಯಸ್ಸಾಗದ ಶಾಲಾ ಬಾಲಕಿಗೆ, ಕಣ್ಣು ಮಂಜಾದ ಮುದುಕರಿಗೆ, ಸ್ಕೂಟರಿನ ಸಾಲವನ್ನು ಹೊರಲಾರದ ಕೂಲಿಕಾರರಿಗೆ ಬಸ್ಸನ್ನು ಬಿಟ್ಟರೆ ಗತಿಯಿಲ್ಲ. ನನ್ನ ಆ ವಿದ್ಯಾರ್ಥಿನಿ ಮರುವರ್ಷ ಸ್ಕೂಟರಿನಲ್ಲಿ ಬರತೊಡಗಿದಳು, ತರಗತಿಗೆ ತಡವಾಗಲಿಲ್ಲ. ಆದರೆ ಆಕೆ ದಿನವೂ ನಿಲ್ಲುತ್ತಿದ್ದ ನಿಲ್ದಾಣದಲ್ಲಿ ಕಾಯುವವರು ಇನ್ನೂ ಇರುವರು.