ಸಂದರ್ಶನವೋ ಸಂವಾದವೋ: ಒಂದು ಮೊದಲ ಪಾಠ

ಅಚ್ಚಾದ ಪುಟದಲ್ಲಿ ಸಂದರ್ಶನವೂ ಸಂವಾದವೂ ಒಂದೇ ಥರ ಕಾಣುತ್ತವೆ. ಒಬ್ಬರ ಹೆಸರು, ಅವರ ಮಾತು. ಇನ್ನೊಬ್ಬರ ಹೆಸರು, ಅವರ ಮಾತು. ಹಾಗಾಗಿ ಹೊಸದಾಗಿ ಓದತೊಡಗಿದ ನಿಮಗೆ ಎರಡೂ ಒಂದೇ ಎನ್ನಿಸಿದರೆ ಆಶ್ಚರ್ಯವಿಲ್ಲ. ಗೊಂದಲ ಹೆಚ್ಚಿಸಲು ನಮ್ಮ ಆಹ್ವಾನ ಪತ್ರಿಕೆಗಳೂ ಇವೆಯಲ್ಲ! ‘ಸಂವಾದ’ ಎಂದು ಅಚ್ಚು ಹಾಕಿಸಿರುತ್ತಾರೆ. ಹೋಗಿ ಕೂತರೆ ಅತಿಥಿಗಳು ಗಂಟೆಗಟ್ಟಲೆ ಮಾತಾಡಿ, ಕೊನೆಗೆ ಚೀಟಿಯಲ್ಲಿ ಬಂದ ಎರಡು ಪ್ರಶ್ನೆಗೆ ಉತ್ತರ ಕೊಟ್ಟು ಎದ್ದುಬಿಡುತ್ತಾರೆ.

ಮೊದಲು ಸಂದರ್ಶನವನ್ನು ನೋಡೋಣ. ಇಲ್ಲಿ ಕೇಳುವವರು ಒಬ್ಬರು, ಅವರೇ ಸಂದರ್ಶಕರು. ಉತ್ತರಿಸುವವರು ಇನ್ನೊಬ್ಬರು. ಈ ಪಾತ್ರಗಳು ಕೊನೆಯವರೆಗೂ ಅದಲುಬದಲಾಗುವುದಿಲ್ಲ. ಇವರಿಬ್ಬರ ಜೊತೆಗೆ, ಆ ಕೋಣೆಯಲ್ಲಿ ಇಲ್ಲದ ಮೂರನೆಯವರೊಬ್ಬರಿದ್ದಾರೆ: ಓದುಗರು ಅಥವಾ ನೋಡುಗರು. ಸಂದರ್ಶಕರು ಕೇಳುವುದು ಅವರ ಪರವಾಗಿ. ತಮಗೆ ಗೊತ್ತಿರುವುದನ್ನೂ ಅವರು ಕೇಳಬಹುದು, ಏಕೆಂದರೆ ಅದು ಉತ್ತರಿಸುವವರ ಬಾಯಿಂದಲೇ ಬರಬೇಕಾಗಿರುತ್ತದೆ.

ಒಂದು ಉದಾಹರಣೆ ನೋಡಿ. ಅಮೆರಿಕದ ಅಧ್ಯಕ್ಷರಾಗಿದ್ದ ರಿಚರ್ಡ್ ನಿಕ್ಸನ್ ವಾಟರ್‌ಗೇಟ್ ಹಗರಣದಿಂದಾಗಿ 1974ರಲ್ಲಿ ರಾಜೀನಾಮೆ ಕೊಟ್ಟರು. 1977ರಲ್ಲಿ ಬ್ರಿಟನ್ನಿನ ಡೇವಿಡ್ ಫ್ರಾಸ್ಟ್ ಟೆಲಿವಿಷನ್‌ಗಾಗಿ ಅವರನ್ನು ಸಂದರ್ಶಿಸಿದರು. ಚಿತ್ರೀಕರಣ ಸುಮಾರು 28 ಗಂಟೆಗಳಷ್ಟು ನಡೆಯಿತು. ಅದಕ್ಕೂ ಮೊದಲು ಫ್ರಾಸ್ಟ್ ಅವರ ಸಹಾಯಕರು ತಿಂಗಳುಗಟ್ಟಲೆ ದಾಖಲೆಗಳನ್ನು ಜಾಲಾಡಿದ್ದರು. ನಿಕ್ಸನ್ ಜಾರಿಕೊಂಡಾಗ ಫ್ರಾಸ್ಟ್ ಮತ್ತೆ ಅದೇ ವಿಷಯಕ್ಕೆ ಬರುತ್ತಿದ್ದರು. ಹೀಗೆ ಉತ್ತರದ ಬೆನ್ನು ಹಿಡಿದು ಕೇಳುವುದಕ್ಕೆ ಮರುಪ್ರಶ್ನೆ ಎನ್ನುತ್ತಾರೆ. ಇಲ್ಲೊಂದು ವಿಷಯ ಗಮನಿಸಿ. ನಿಕ್ಸನ್ ತಿರುಗಿ ಫ್ರಾಸ್ಟ್ ಅವರ ಬದುಕಿನ ಬಗ್ಗೆ, ನಂಬಿಕೆಗಳ ಬಗ್ಗೆ ವಿಚಾರಿಸುವ ಅಗತ್ಯವೇ ಇರಲಿಲ್ಲ. ಲೆಕ್ಕ ಒಪ್ಪಿಸಬೇಕಾಗಿದ್ದವರು ಒಬ್ಬರೇ. ಈ ಒಮ್ಮುಖತೆಯೇ ಸಂದರ್ಶನದ ಬಲ. ಅದನ್ನು ಸಂವಾದದ ಬಡ ತಮ್ಮನೆಂದು ತಿಳಿಯುವವರೊಂದಿಗೆ ನನಗೆ ಸಹಮತವಿಲ್ಲ.

ಇನ್ನು ಸಂವಾದ. 1930ರ ಜುಲೈ 14ರಂದು ರವೀಂದ್ರನಾಥ ಠಾಕೂರರು ಬರ್ಲಿನ್ ಸಮೀಪದ ಕಾಪುಟ್ ಎಂಬಲ್ಲಿ ಆಲ್ಬರ್ಟ್ ಐನ್‌ಸ್ಟೈನ್ ಅವರ ಮನೆಗೆ ಹೋಗಿದ್ದರು. ಆ ಮಾತುಕತೆ ಮುಂದಿನ ವರ್ಷ ಬಂದ ಠಾಕೂರರ ‘ದಿ ರಿಲಿಜನ್ ಆಫ್ ಮ್ಯಾನ್’ ಪುಸ್ತಕದ ಅನುಬಂಧದಲ್ಲಿದೆ. ಆರಂಭ ಸಂದರ್ಶನದಂತೆಯೇ ಇದೆ: ದೈವವು ಜಗತ್ತಿನಿಂದ ಬೇರೆಯಾಗಿದೆಯೆಂದು ನಂಬುತ್ತೀರಾ ಎಂದು ಐನ್‌ಸ್ಟೈನ್ ಕೇಳುತ್ತಾರೆ, ಠಾಕೂರರು ಇಲ್ಲವೆಂದು ವಿವರಿಸುತ್ತಾರೆ. ಆದರೆ ಸ್ವಲ್ಪ ಹೊತ್ತಿನಲ್ಲೇ ಕೇಳಿದವರು ತಮ್ಮ ನಿಲುವನ್ನೂ ಮುಂದಿಡಬೇಕಾಗುತ್ತದೆ. ಸೌಂದರ್ಯಕ್ಕೆ ಮನುಷ್ಯ ಬೇಕು ಎಂಬುದನ್ನು ಐನ್‌ಸ್ಟೈನ್ ಒಪ್ಪುತ್ತಾರೆ. ಸತ್ಯಕ್ಕೂ ಬೇಕು ಎಂಬುದನ್ನು ಒಪ್ಪುವುದಿಲ್ಲ. ಮನೆಯಲ್ಲಿ ಯಾರೂ ಇಲ್ಲದಿದ್ದರೂ ಮೇಜು ಇದ್ದಲ್ಲೇ ಇರುತ್ತದೆ ಎಂಬುದು ಅವರ ಉದಾಹರಣೆ. ಒಬ್ಬ ವ್ಯಕ್ತಿಯ ಮನಸ್ಸಿನ ಹೊರಗೆ ಇರಬಹುದು, ವಿಶ್ವಮನಸ್ಸಿನ ಹೊರಗಲ್ಲ ಎಂಬುದು ಠಾಕೂರರ ವಾದ. ತಮ್ಮ ನಂಬಿಕೆ ಸರಿಯೆಂದು ಸಾಬೀತು ಮಾಡಲಾರೆ, ಆದರೂ ಬಿಡಲಾರೆ ಎಂಬಲ್ಲಿಗೆ ಐನ್‌ಸ್ಟೈನ್ ಬಂದು ನಿಲ್ಲುತ್ತಾರೆ. ಇಬ್ಬರೂ ಒಮ್ಮತಕ್ಕೆ ಬರಲಿಲ್ಲ. ಸಂವಾದಕ್ಕೆ ಒಮ್ಮತ ಬೇಕೆಂದೇನೂ ಇಲ್ಲ. ತನ್ನ ಮಾತನ್ನೂ ಪರೀಕ್ಷೆಗೆ ಒಡ್ಡಲು ಇಬ್ಬರೂ ಸಿದ್ಧರಿರಬೇಕು, ಅಷ್ಟೆ.

ನೀವೇ ಮಾಡಿ ನೋಡಬಹುದಾದ ಒಂದು ಅಭ್ಯಾಸ ಹೇಳುತ್ತೇನೆ. ಯಾವುದಾದರೂ ಮಾತುಕತೆಯಲ್ಲಿ ಒಬ್ಬರ ಮಾತುಗಳನ್ನು ಕೈಯಿಂದ ಮುಚ್ಚಿ, ಇನ್ನೊಬ್ಬರದನ್ನು ಮಾತ್ರ ಓದಿ. ಸಂದರ್ಶಕರ ಪ್ರಶ್ನೆಗಳನ್ನಷ್ಟೇ ಓದಿದರೆ ಬಾಲ್ಯ, ಮೊದಲ ಪುಸ್ತಕ, ಮುಂದಿನ ಯೋಜನೆ ಎಂಬ ಒಂದು ನಕ್ಷೆ ಸಿಗುತ್ತದೆ. ಆದರೆ ಕೇಳುವವರು ಏನನ್ನು ನಂಬುತ್ತಾರೆ ಎಂಬುದು ಗೊತ್ತಾಗುವುದು ಕಡಿಮೆ. ಕಾಪುಟ್‌ನ ಮಾತುಕತೆಯಲ್ಲಿ ಯಾರ ಪಾಲನ್ನು ಓದಿದರೂ ಒಂದು ನಿಲುವು ಸಿಗುತ್ತದೆ. ಅದು ಏಕೆ ಹಾಗೆ ತಿರುಗಿತು ಎಂಬುದು ಮಾತ್ರ ಮುಚ್ಚಿದ ಸಾಲುಗಳಲ್ಲಿ ಉಳಿದಿರುತ್ತದೆ.

ಈ ಅಭ್ಯಾಸಕ್ಕೆ ಸುಲಭವಾಗಿ ದಕ್ಕದ ಕೃತಿಯೊಂದು ಕನ್ನಡದಲ್ಲೇ ಇದೆ: ಶೂನ್ಯಸಂಪಾದನೆ. 12ನೆಯ ಶತಮಾನದ ಶರಣರ ವಚನಗಳು ಅಲ್ಲಿ ಮಾತಿಗೆ ಮಾತಾಗಿ ಎದುರುಬದುರು ಕೂತಿವೆ. ಹಾಗೆ ಜೋಡಿಸಿದವರು 15ನೆಯ ಶತಮಾನದ ಶಿವಗಣಪ್ರಸಾದಿ ಮಹಾದೇವಯ್ಯ ಮತ್ತು ಅವರ ನಂತರ ಬಂದ ಸಂಪಾದಕರು. ಅಂದರೆ ನಾವು ಓದುವುದು ಅಂದಿನ ಶರಣರ ಸಭೆಯೊಂದರ ವರದಿಯನ್ನಲ್ಲ, ಬಿಡಿ ವಚನಗಳಿಂದ ಕಟ್ಟಿದ ಸಾಹಿತ್ಯವನ್ನು. ಅಕ್ಕಮಹಾದೇವಿ ಕಲ್ಯಾಣಕ್ಕೆ ಬಂದಾಗ ಅಲ್ಲಮಪ್ರಭು ಕೇಳುವ ಪ್ರಶ್ನೆಗಳು ಸಂದರ್ಶನಕ್ಕಿಂತಲೂ ಕಠಿಣ: ನಿನ್ನ ಪತಿ ಯಾರು, ಸೀರೆ ಬಿಟ್ಟವಳು ಕೂದಲಲ್ಲಿ ಮೈ ಮರೆಮಾಡಿಕೊಂಡಿದ್ದೇಕೆ? ಮೇಲ್ನೋಟಕ್ಕೆ ಕೇಳುವ ಅಧಿಕಾರ ಒಬ್ಬರದೇ. ಆದರೂ ನಾನು ಇದನ್ನು ಸಂವಾದದ ಸಾಲಿಗೇ ಸೇರಿಸುತ್ತೇನೆ. ಅಕ್ಕನ ಪ್ರತಿ ಉತ್ತರವೂ ಅಲ್ಲಮನ ಪ್ರಶ್ನೆಯ ಮಟ್ಟವನ್ನು ಏರಿಸುತ್ತದೆ. ಪರೀಕ್ಷೆ ಮಾಡಲು ಕೂತ ಅವನೇ ಕೊನೆಗೆ ಅವಳ ಹಿರಿಮೆಯನ್ನು ಒಪ್ಪಿಕೊಳ್ಳಬೇಕಾಗುತ್ತದೆ.