ಜಿಗಿಹುಳುಗಳು ಚಳಿಗಾಲ ಕಳೆಯುವ ಬಗೆ

ಭತ್ತದ ತೆಂಡೆಗಳ ಬುಡದಲ್ಲಿ ಕುಳಿತು ರಸ ಹೀರುವ ಕಂದು ಜಿಗಿಹುಳುವು ತುಂಗಭದ್ರಾ, ಕಾವೇರಿ ಅಚ್ಚುಕಟ್ಟು ಪ್ರದೇಶಗಳ ರೈತರಿಗೆ ಚಿರಪರಿಚಿತ. ಬಿಳಿಬೆನ್ನಿನ ಜಿಗಿಹುಳು ಅದರ ಸಮೀಪದ ಬಂಧು. ಜಪಾನ್ ದೇಶದ ಗದ್ದೆಗಳಲ್ಲಿ ಇವೆರಡರೊಡನೆ ಚಿಕ್ಕ ಕಂದು ಜಿಗಿಹುಳುವೆಂಬ ಮೂರನೆಯದೂ ಉಂಟು. ಮೂರೂ ಒಂದೇ ಕುಟುಂಬದವು. ಆದರೆ ಅಲ್ಲಿನ ಕಠಿಣ ಚಳಿಗಾಲವನ್ನು ಇವು ಎದುರಿಸುವ ರೀತಿ ಒಂದೇ ಅಲ್ಲ.

ಚಿಕ್ಕ ಕಂದು ಜಿಗಿಹುಳು ಊರು ಬಿಡುವುದಿಲ್ಲ. ಹಗಲು ಕಿರಿದಾಗುತ್ತ ಬಂದಂತೆ ಅದರ ಅಪ್ಸರೆಗಳು, ಅಂದರೆ ರೆಕ್ಕೆ ಬಲಿಯದ ಮರಿಗಳು, ನಾಲ್ಕನೆಯ ಹಂತದಲ್ಲಿ ಬೆಳವಣಿಗೆ ನಿಲ್ಲಿಸುತ್ತವೆ. ಈ ಸುಪ್ತಾವಸ್ಥೆಯಲ್ಲಿ ಹುಲ್ಲು, ಗೋಧಿ ಪೈರುಗಳ ನಡುವೆ ಅಡಗಿದ್ದು, ವಸಂತದಲ್ಲಿ ಪ್ರೌಢ ಕೀಟಗಳಾಗುತ್ತವೆ. ಭತ್ತದ ಪಟ್ಟೆ ರೋಗದ ನಂಜು ತಾಯಿಯಿಂದ ಮೊಟ್ಟೆಯ ಮೂಲಕ ಮರಿಗೂ ದಾಟುವುದರಿಂದ ರೋಗವೂ ಹುಳುವಿನೊಡನೆ ಚಳಿಗಾಲ ಕಳೆಯುತ್ತದೆ. ಬೀಳು ಗದ್ದೆಯನ್ನು ಚಳಿಗಾಲದಲ್ಲೇ ಉತ್ತು ಕಳೆ ನಾಶಪಡಿಸಿದರೆ ಈ ಹುಳುವಿಗೆ ಆಸರೆ ತಪ್ಪುತ್ತದೆ.

ಉಳಿದೆರಡಕ್ಕೆ ಇಂತಹ ಸುಪ್ತಾವಸ್ಥೆ ಇಲ್ಲ. ಜಪಾನಿನ ಚಳಿಗೆ ಅವು ಸಾಯುತ್ತವೆ. ಹಾಗಾದರೆ ಮರುವರ್ಷ ಬರುವುದೆಲ್ಲಿಂದ? 1732ರಲ್ಲಿ ಪಶ್ಚಿಮ ಜಪಾನಿನಲ್ಲಿ ಜಿಗಿಹುಳುಗಳಿಂದ ಕ್ಷಾಮವೇ ತಲೆದೋರಿತ್ತು. ಆದರೂ ಈ ಪ್ರಶ್ನೆ ಬಹುಕಾಲ ಬಗೆಹರಿಯಲಿಲ್ಲ. 1967ರ ಜುಲೈನಲ್ಲಿ ತೀರದಿಂದ ಸುಮಾರು 500 ಕಿಲೋಮೀಟರ್ ದಕ್ಷಿಣಕ್ಕೆ ಸಮುದ್ರದಲ್ಲಿದ್ದ ಹವಾಮಾನ ವೀಕ್ಷಣಾ ಹಡಗನ್ನು ಇವೇ ಹುಳುಗಳ ಭಾರಿ ಹಿಂಡು ಮುತ್ತಿತು. ಚಳಿಗಾಲದಲ್ಲೂ ಭತ್ತವಿರುವ ಉತ್ತರ ವಿಯೆಟ್ನಾಂ ಹಾಗೂ ಚೀನಾದ ದಕ್ಷಿಣ ತುದಿಯಲ್ಲಿ ಇವುಗಳ ಮೂಲ ನೆಲೆ. ಅಲ್ಲಿಂದ ಪೀಳಿಗೆ ಪೀಳಿಗೆಯಾಗಿ ಉತ್ತರಕ್ಕೆ ಸರಿದು, ಜೂನ್-ಜುಲೈ ತಿಂಗಳ ನೈಋತ್ಯ ಗಾಳಿಯಲ್ಲಿ ಸಮುದ್ರ ದಾಟುತ್ತವೆ.

ಈ ವ್ಯತ್ಯಾಸಕ್ಕೆ ಮುಖ್ಯ ಕಾರಣ ಆಹಾರವೆನ್ನಬಹುದು. ಚಿಕ್ಕ ಕಂದು ಜಿಗಿಹುಳುವಿಗೆ ಹುಲ್ಲೂ ಸಾಕು, ಗೋಧಿಯೂ ಸಾಕು. ಶೀತ ನಾಡಿನಲ್ಲಿ ಸಕಾಲಕ್ಕೆ ಬೆಳವಣಿಗೆ ನಿಲ್ಲಿಸಬಲ್ಲವು ಉಳಿದವು, ಅವುಗಳ ಸಂತತಿಗೂ ಆ ಗುಣ ಬಂದಿತು. ಕಂದು ಜಿಗಿಹುಳುವಿಗಾದರೋ ಭತ್ತವೇ ಬೇಕು. ಜಪಾನಿಗೆ ಬಂದವುಗಳ ಸಂತತಿ ಚಳಿಗಾಲ ದಾಟದಿರುವಾಗ ಚಳಿ ತಡೆಯುವ ಗುಣ ನೆಲೆಗೊಳ್ಳುವುದಾದರೂ ಹೇಗೆ?

ಕರ್ನಾಟಕದ ಅಚ್ಚುಕಟ್ಟಿನಲ್ಲಿ ಕಂದು ಜಿಗಿಹುಳುವನ್ನು ಕೊಲ್ಲುವಷ್ಟು ಚಳಿಯಿಲ್ಲ. ಇಲ್ಲಿ ಅದಕ್ಕೆ ಒಂದು ತಡೆಯೆಂದರೆ ಭತ್ತವಿಲ್ಲದ ದಿನಗಳು. ಕಟಾವಾದೊಡನೆ ಕೂಳೆ ಚಿಗುರಲು ಬಿಡದೆ ಉತ್ತು ಮಣ್ಣಿಗೆ ಸೇರಿಸುವುದು, ನೆರೆಹೊರೆಯವರೆಲ್ಲ ಏಕಕಾಲಕ್ಕೆ ನಾಟಿ ಮಾಡುವುದು ಈ ದೃಷ್ಟಿಯಿಂದ ಉಪಯುಕ್ತ. ಒಬ್ಬರೇ ಮಾಡಿದರೆ ಫಲ ಕಡಿಮೆ. ಉದ್ದ ರೆಕ್ಕೆಯ ಹುಳುಗಳು ಪಕ್ಕದ ಗದ್ದೆಯಿಂದ ಹಾರಿಬರುತ್ತವೆ.